ಆರ್ಡರ್ ಕೆಲಸದ ಆಟೊಮೇಷನ್: ಕ್ಲೌಡಾ, ನಮ್ಮದೇ ಸರ್ವರಾ?

ಗೇರುಬೀಜ_ಬೈಕಂಪಾಡಿ:
ನಮ್ಮದು ಬೈಕಂಪಾಡಿಯಲ್ಲಿ ಗೇರುಬೀಜದ ಹೋಲ್‌ಸೇಲ್. ವೆಬ್‌ಸೈಟಿನ ಫಾರ್ಮಿನಿಂದ ದಿನಕ್ಕೆ ಸುಮಾರು 150 ಆರ್ಡರ್ ಬರುತ್ತವೆ. ನಮ್ಮ ಹುಡುಗ ಅದನ್ನು ನೋಡಿ ಗೂಗಲ್ ಶೀಟಿಗೆ ಹಾಕುತ್ತಾನೆ, ಪಾರ್ಟಿಗೆ ವಾಟ್ಸಾಪ್ ಮಾಡುತ್ತಾನೆ, ಗೋಡೌನಿಗೆ ಮೇಲ್ ಕಳಿಸುತ್ತಾನೆ, ಸಂಜೆ ಕೂತು ಅದೇ ಎಂಟ್ರಿಯನ್ನು ಮತ್ತೆ ಟ್ಯಾಲಿ ಅಕೌಂಟ್ಸ್ ಸಾಫ್ಟ್‌ವೇರಿಗೆ ಹೊಡೆಯುತ್ತಾನೆ. ಡಬ್ಲ್ಯು 320 ಗ್ರೇಡಿನ ಗೇರುಬೀಜ ಕೇಳಿದವರಿಗೆ ಡಬ್ಲ್ಯು 240 ಬಿಲ್ ಹೋದರೆ ಮತ್ತೆ ಫೋನಲ್ಲಿ ಜಗಳ. ಇದನ್ನು ಆಟೊಮೇಟ್ ಮಾಡಬೇಕು. ಇಂಥ ಕೆಲಸಗಳನ್ನು ಜೋಡಿಸಿಕೊಡುವ ಜೇಪಿಯರ್ ಥರದ ಕ್ಲೌಡ್ ಸೇವೆಗೆ ತಿಂಗಳು ತಿಂಗಳು ದುಡ್ಡು ಕಟ್ಟೋದಾ, ಅಥವಾ ಅದೇ ಕೆಲಸ ಮಾಡುವ ಎನ್8ಎನ್ ಸಾಫ್ಟ್‌ವೇರ್ ಆಫೀಸ್ ಕಂಪ್ಯೂಟರಿಗೇ ಹಾಕಿಕೊಳ್ಳೋದಾ? ಎರಡನೆಯದು ಫ್ರೀ ಅಂತಾರೆ, ನಿಜವಾ?

ಮಣಿಪಾಲ_ಡೆವ್:
ಮೊದಲು ಲೆಕ್ಕ ಹಾಕಿ ಮಾರಾಯ್ರೆ. ಟ್ಯಾಲಿ ಬಿಟ್ಟರೆ ನಿಮ್ಮ ಒಂದು ಆರ್ಡರಿಗೆ ಮೂರು ಕೆಲಸ: ಶೀಟು, ವಾಟ್ಸಾಪ್, ಮೇಲ್. ಜೇಪಿಯರ್ ಒಂದೊಂದು ಕೆಲಸವನ್ನೂ ಒಂದು ಟಾಸ್ಕ್ ಅಂತ ಎಣಿಸುತ್ತದೆ. ತಿಂಗಳಿಗೆ 4,500 ಆರ್ಡರ್ ಅಂದರೆ 13,500 ಟಾಸ್ಕ್ ಆಯ್ತು. ಎನ್8ಎನ್ ಕ್ಲೌಡ್‌ನಲ್ಲಿ (ಅವರದೇ ಸರ್ವರಿನಲ್ಲಿ ಓಡುವ ಎನ್8ಎನ್) ಇಡೀ ವರ್ಕ್‌ಫ್ಲೋ, ಅಂದರೆ ಕೆಲಸಗಳ ಸರಣಿ, ಒಮ್ಮೆ ಓಡಿದರೆ ಒಂದೇ ಲೆಕ್ಕ, ಒಳಗೆ ಮೂರು ಹೆಜ್ಜೆ ಇರಲಿ, ಮೂವತ್ತಿರಲಿ. ಹಾಗಾಗಿ ಪ್ಲಾನಿನ ರೇಟ್ ನೋಡುವ ಮೊದಲು ಅವರು ಎಂತದನ್ನು ಎಣಿಸುತ್ತಾರೆ ಅಂತ ನೋಡಿ.

ಫ್ರೀ ವಿಷಯ: ನಿಮ್ಮ ಸ್ವಂತ ವ್ಯಾಪಾರಕ್ಕೆ ಬಳಸಿದರೆ ಎನ್8ಎನ್ ಕಮ್ಯುನಿಟಿ ಆವೃತ್ತಿಗೆ ಲೈಸೆನ್ಸ್ ಫೀಸ್ ಇಲ್ಲ. ಅದನ್ನೇ ಬೇರೆಯವರಿಗೆ ಸರ್ವೀಸ್ ಅಂತ ಮಾರಲಿಕ್ಕೆ ಹೋದರೆ ಮಾತ್ರ ತಕರಾರು.

ಕದ್ರಿ_ಸರ್ವರ್:
ಲೈಸೆನ್ಸ್ ಫ್ರೀ, ನೋಡಿಕೊಳ್ಳುವವನು ಫ್ರೀ ಅಲ್ಲ. ಆಫೀಸ್ ಪಿಸಿಯಲ್ಲಿ ಹಾಕೋ ಯೋಚನೆ ಇದ್ದರೆ ಜೂನ್-ಜುಲೈ ನೆನಪಿರಲಿ. ಗಾಳಿಮಳೆಗೆ ಮರ ಬಿದ್ದು ಕರೆಂಟ್ ಹೋಯ್ತು, ಯುಪಿಎಸ್ ಅರ್ಧ ಗಂಟೆಗೆ ಸುಸ್ತು, ಆ ಹೊತ್ತಲ್ಲಿ ಫಾರ್ಮಿನಿಂದ ವೆಬ್‌ಹುಕ್ (ಹೊಸ ಆರ್ಡರಿನ ಮಾಹಿತಿ ತಾನಾಗಿ ತರುವ ಸಂದೇಶ) ಬಂದರೆ ತಗೊಳ್ಳಲು ಯಾರೂ ಇಲ್ಲ. ಕಳಿಸುವ ಕಡೆಯಿಂದ ಮತ್ತೆ ಪ್ರಯತ್ನ ಆಗದಿದ್ದರೆ ಆ ಆರ್ಡರ್ ಹೋಯ್ತು ಅಂತಲೇ. ಸ್ವಂತಕ್ಕೆ ಹಾಕುವುದಾದರೆ ಮುಂಬೈ ಡೇಟಾ ಸೆಂಟರಿನಲ್ಲಿ ಒಂದು ಸಣ್ಣ ವಿಪಿಎಸ್ (ಬಾಡಿಗೆ ಸರ್ವರ್) ತಗೊಂಡು ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಬೇರೆ ಡಬ್ಬಿಯಲ್ಲಿಟ್ಟು ಓಡಿಸುವ ಸಾಧನ) ಓಡಿಸಿ.

ಹಾಕಿದ ದಿನವೇ ಟೈಮ್‌ಝೋನ್ ಏಷ್ಯಾ/ಕೋಲ್ಕತಾ ಮಾಡಿ. ಸುಮ್ನೆ ಬಿಟ್ಟರೆ ಅದು ನ್ಯೂಯಾರ್ಕ್ ಗಂಟೆ ನೋಡುತ್ತದೆ, ಬೆಳಿಗ್ಗೆ ಒಂಬತ್ತಕ್ಕೆ ಅಂತ ಇಟ್ಟ ರಿಪೋರ್ಟ್ ಸಂಜೆ ಬರುತ್ತದೆ. ಪಾಸ್‌ವರ್ಡ್‌ಗಳಿಗೆ ಬೀಗ ಹಾಕುವ ಎನ್‌ಕ್ರಿಪ್ಷನ್ ಕೀ ಬೇರೆ ಕಡೆ ಬರೆದಿಡಿ. ಡೇಟಾಬೇಸ್ ಬ್ಯಾಕಪ್ ಇದ್ದು ಕೀ ಇಲ್ಲದಿದ್ದರೆ ಒಳಗಿರುವ ಪಾಸ್‌ವರ್ಡ್, ಟೋಕನ್ ಯಾವುದೂ ತೆರೆಯುವುದಿಲ್ಲ. ಇನ್ನು ಗೂಗಲ್ ಶೀಟಿಗೆ ನಿಮ್ಮದೇ ಓಆತ್ (ಲಾಗಿನ್ ಅನುಮತಿಯ) ಆ್ಯಪ್ ಮಾಡಬೇಕು. ಅದು 'ಟೆಸ್ಟಿಂಗ್'ನಲ್ಲೇ ಇದ್ದರೆ 7 ದಿನಕ್ಕೊಮ್ಮೆ ಲಾಗಿನ್ ಕಡಿದು ಹೋಗುತ್ತದೆ, ಜನ ಸುಮ್ಮನೆ ಸಾಫ್ಟ್‌ವೇರಿಗೆ ಬೈಯುತ್ತಾರೆ. ಕ್ಲೌಡ್‌ನಲ್ಲಿ ಈ ತಲೆಬಿಸಿ ಎಲ್ಲ ಅವರದ್ದು.

ಉಡುಪಿ_ಅಕೌಂಟ್ಸ್:
ನೀವೆಲ್ಲ ಟ್ಯಾಲಿಯನ್ನೇ ಬಿಟ್ಟುಬಿಟ್ಟಿರಲ್ಲ, ಅಸಲು ಗಂಟು ಇರೋದೇ ಅಲ್ಲಿ! ಟ್ಯಾಲಿ ಆಫೀಸ್ ಪಿಸಿಯಲ್ಲಿ ಕೂತಿದೆ. ಹೊರಗಿನ ಸಾಫ್ಟ್‌ವೇರ್ ಅದಕ್ಕೆ ಎಕ್ಸ್‌ಎಂಎಲ್ ರೂಪದಲ್ಲಿ ಮಾಹಿತಿ ಕಳಿಸಿ ವೋಚರ್ (ಬಿಲ್ಲಿನ ಎಂಟ್ರಿ) ಹಾಕಬಹುದು, ಸಾಮಾನ್ಯವಾಗಿ 9000 ಪೋರ್ಟಿನಲ್ಲಿ, ಅಂದರೆ ಆ ನಂಬರಿನ ನೆಟ್‌ವರ್ಕ್ ಬಾಗಿಲಿನಲ್ಲಿ. ಆದರೆ ಟ್ಯಾಲಿ ತೆರೆದಿರಬೇಕು, ಕಂಪನಿಯೂ ಲೋಡ್ ಆಗಿರಬೇಕು. ಆ ಪೋರ್ಟ್ ಆಫೀಸಿನ ಹೊರಗೆ ಕಾಣುವುದಿಲ್ಲ, ಜೇಪಿಯರ್ ಇರಲಿ ನಿಮ್ಮ ಮುಂಬೈ ವಿಪಿಎಸ್ ಇರಲಿ ನೇರ ಮುಟ್ಟಲು ಆಗುವುದಿಲ್ಲ. ಯಾರಾದರೂ "ರೌಟರಿನಲ್ಲಿ ಪೋರ್ಟ್ ಓಪನ್ ಮಾಡುವ" ಅಂದರೆ ಮಾತ್ರ ಬೇಡ ಅನ್ನಿ. ಲೆಕ್ಕದ ಪುಸ್ತಕವನ್ನು ಬಸ್‌ಸ್ಟ್ಯಾಂಡಿನಲ್ಲಿ ಬಿಡಿಸಿಟ್ಟ ಹಾಗೆ ಅದು.

ಗೇರುಬೀಜ_ಬೈಕಂಪಾಡಿ:
ಹಾಗಾದರೆ ಎರಡೂ ಬೇಕು ಅಂತಲಾ? ನಮ್ಮಲ್ಲಿ ಸರ್ವರ್ ನೋಡುವವರು ಯಾರೂ ಇಲ್ಲ, ತಮ್ಮನ ಮಗ ಎಂಜಿನಿಯರಿಂಗ್ ಓದುತ್ತಿದ್ದಾನೆ ಅಷ್ಟೆ.

ಕದ್ರಿ_ಸರ್ವರ್:
ತಮ್ಮನ ಮಗ ಬೆಂಗಳೂರಿಗೆ ಹೋಗುವವರೆಗೆ ಮಾತ್ರ ಸರಿ 😄 ನೋಡುವವರು ಇಲ್ಲ ಅಂದಮೇಲೆ ಗಿರಾಕಿಗೆ ಕಾಣುವ ಭಾಗ ಕ್ಲೌಡ್‌ನಲ್ಲೇ ಇರಲಿ. ಫಾರ್ಮ್, ಶೀಟು, ವಾಟ್ಸಾಪ್, ಮೇಲ್. ಆಫೀಸ್ ಪಿಸಿಯಲ್ಲಿ ಒಂದು ಚಿಕ್ಕ ಎನ್8ಎನ್ ಹಾಕಿ, ಅದು ಹತ್ತು ನಿಮಿಷಕ್ಕೊಮ್ಮೆ ತಾನೇ ಶೀಟ್ ನೋಡಿ ಹೊಸ ಸಾಲನ್ನು ಟ್ಯಾಲಿಗೆ ದೂಡಲಿ. ಒಳಗಿನಿಂದ ಹೊರಗೆ ಹೋಗುವ ಕೆಲಸ, ಪೋರ್ಟ್ ತೆರೆಯುವ ಗೊಡವೆ ಇಲ್ಲ. ಕರೆಂಟ್ ಹೋದರೂ ಆರ್ಡರ್ ಶೀಟಿನಲ್ಲಿ ಕಾಯುತ್ತದೆ.

ಉಡುಪಿ_ಅಕೌಂಟ್ಸ್:
ಇದು ಸರಿ. ಶೀಟಿನಲ್ಲಿ 'ಟ್ಯಾಲಿಗೆ ಹೋಯ್ತು' ಅಂತ ಒಂದು ಕಾಲಂ ಇರಲಿ, ಇಲ್ಲದಿದ್ದರೆ ಒಂದೇ ಬಿಲ್ ಎರಡು ಸಲ ಬೀಳುತ್ತದೆ, ಜಿಎಸ್‌ಟಿ ರಿಟರ್ನ್ ಹಾಕುವಾಗ ತಲೆ ಕೆಡುತ್ತದೆ. ಗ್ರೇಡ್ ಹೆಸರು ಟ್ಯಾಲಿಯ ಸ್ಟಾಕ್ ಐಟಂನಲ್ಲಿ ಹೇಗಿದೆಯೋ ಫಾರ್ಮಿನಲ್ಲೂ ಹಾಗೇ ಡ್ರಾಪ್‌ಡೌನ್ ಮಾಡಿ. ಹೆಸರು ಹೊಂದದಿದ್ದರೆ ಟ್ಯಾಲಿಗೆ ಆ ಐಟಂ ಗುರುತು ಸಿಗುವುದಿಲ್ಲ. ಮೊದಲ ವಾರ ಡಮ್ಮಿ ಕಂಪನಿ ತೆರೆದು ಅದರಲ್ಲೇ ಓಡಿಸಿ ನೋಡಿ.