ಮನಸ್ಸಿನ ಗಾಯಕ್ಕೆ ದೇಹದ ಮೂಲಕ ಚಿಕಿತ್ಸೆ: ಬೆಂಗಳೂರಿನಲ್ಲಿ ಪಡೆದವರು ಹೇಳುವಿರಾ?

ಪ್ರಶ್ನೆ, ವಿಜಯನಗರದಿಂದ:
ಹೋದ ವರ್ಷ ಹೊರವರ್ತುಲ ರಸ್ತೆಯಲ್ಲಿ ನನ್ನ ಸ್ಕೂಟರ್‌ಗೆ ಲಾರಿ ತಾಗಿತು. ಮುರಿದ ಮೂಳೆ ಕೂಡಿದೆ. ಆದರೆ ಹಿಂದಿನಿಂದ ಬ್ರೇಕ್ ಕಿರುಗುಟ್ಟಿದರೆ ಸಾಕು, ಹೆಗಲು ಬಿಗಿದು ಕೈ ತಣ್ಣಗಾಗುತ್ತದೆ. ಆಪ್ತಸಮಾಲೋಚನೆಯಲ್ಲಿ ನಡೆದದ್ದನ್ನೇ ಹೇಳಿ ಹೇಳಿ ಸುಸ್ತಾಯಿತು. ಸೊಮ್ಯಾಟಿಕ್ ಥೆರಪಿ ನೋಡು ಎನ್ನುತ್ತಾಳೆ ಗೆಳತಿ. ಅದು ಹೇಗಿರುತ್ತದೆ? ಕನ್ನಡ ಬಲ್ಲವರು ಸಿಗುತ್ತಾರೆಯೇ?

ಬಸವನಗುಡಿಯಿಂದ:
ನಾನು ಪಡೆದಿದ್ದೇನೆ. ಕಾರಣ ಬೇರೆ, ಅದು ಇಲ್ಲಿ ಬೇಡ. ಮಂಚ, ಎಣ್ಣೆ ಏನೂ ಇಲ್ಲ. ಎರಡು ಕುರ್ಚಿ, ಅಷ್ಟೇ. ಚಪ್ಪಲಿ ಬಿಟ್ಟು ಅಂಗಾಲು ಊರಿ ಕುಳಿತುಕೊಳ್ಳಲು ಥೆರಪಿಸ್ಟ್ ಹೇಳಿದರು. ಘಟನೆಯ ಒಂದು ತುಣುಕನ್ನಷ್ಟೇ ನೆನೆಯಬೇಕು. ಎದೆ ಬಿಗಿಯಿತೆಂದರೆ ಅಲ್ಲಿಗೇ ಬಿಟ್ಟು, ಕಿಟಕಿಯಾಚೆ ಕಾಣುವುದನ್ನೆಲ್ಲ ಹೆಸರಿಸಬೇಕು. ಉಸಿರು ತಹಬಂದಿಗೆ ಬಂದ ಮೇಲೆ ಇನ್ನೊಂದು ತುಣುಕು. ಒಮ್ಮೆ ಎರಡೂ ಅಂಗೈಗಳಿಂದ ಗೋಡೆಯನ್ನು ತಳ್ಳಿಸಿದರು. ತಳ್ಳುತ್ತಾ ತಳ್ಳುತ್ತಾ ತೊಡೆ ನಡುಗಿತು, ಆಮೇಲೆ ಭಾರೀ ಆಕಳಿಕೆ ಬಂತು. ನನಗೆ ನಾಚಿಕೆ, ಬಿಗಿ ಸಡಿಲಾಯಿತೆಂದು ಅವರಿಗೆ ಖುಷಿ!

ಅಪಾಯ ಎದುರಾದಾಗ ದೇಹ ಹೊಡೆದಾಡಲು ಇಲ್ಲವೇ ಓಡಲು ಅಣಿಯಾಗುತ್ತದೆ; ಎರಡೂ ಆಗದಿದ್ದರೆ ಮರಗಟ್ಟುತ್ತದೆ. ಅಪಾಯ ಕಳೆದರೂ ಆ ಎಚ್ಚರ ಇಳಿಯದವರಿಗಾಗಿ ಅಮೆರಿಕದ ಪೀಟರ್ ಲೆವಿನ್ ರೂಪಿಸಿದ ಕ್ರಮವಿದು. ಈಗ ಹಸಿವು, ದಣಿವು, ಸಿಟ್ಟು ಬರುವ ಮುನ್ಸೂಚನೆ ನನಗೇ ತಿಳಿಯುತ್ತದೆ. ಮುಂಚೆ ತಲೆ ಸಿಡಿದ ಮೇಲೆಯೇ ಊಟದ ನೆನಪಾಗುತ್ತಿತ್ತು. ನನಗೆ ಚಿಕಿತ್ಸೆ ಕೊಟ್ಟವರು ಕನ್ನಡದಲ್ಲೇ ಮಾತನಾಡಿದರು. ಫೋನಿನಲ್ಲೇ ವಿಚಾರಿಸಿಕೊಳ್ಳಿ.

ಯಲಹಂಕದಿಂದ:
ವಾರಾಂತ್ಯದ ಶಿಬಿರಗಳ ಬಗ್ಗೆ ಹುಷಾರು. ನಾನು ಹೋದ ಕಡೆ ಕಣ್ಣು ಮುಚ್ಚಿಸಿ, ಜೋರಾಗಿ ಸಂಗೀತ ಹಾಕಿ, ಏದುಸಿರು ಬರುವಷ್ಟು ಉಸಿರಾಡಿಸಿದರು. ಕೇಳದೆಯೇ ಬೆನ್ನ ಮೇಲೆ ಕೈಯಿಟ್ಟರು. ಅತ್ತವರನ್ನೆಲ್ಲ ‘ಗಾಯ ಹೊರಬಂತು’ ಎಂದು ಹೊಗಳಿದರು. ನನ್ನ ನಿದ್ದೆಯಂತೂ ಹಾರಿಹೋಯಿತು. ಮುಟ್ಟುವ ಮುನ್ನ ಕೇಳದವರು, ಸಾಕು ಎಂದರೆ ನಿಲ್ಲಿಸದವರು ಗೋಡೆ ತುಂಬ ಪ್ರಮಾಣಪತ್ರ ತೂಗುಹಾಕಿರಲಿ, ಎದ್ದು ಬನ್ನಿ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಂಡರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿ. ಮುಖ ಸಿಂಡರಿಸಿದರೆ ಅಲ್ಲಿಗೇ ಬಿಡಿ.

ಜಯನಗರದಿಂದ, ನಿವೃತ್ತ ನರ್ಸ್:
ಮಗಳೇ, ಮೊದಲು ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ತೋರಿಸು. ಇದು ಪಿಟಿಎಸ್‌ಡಿ, ಅಂದರೆ ಆಘಾತದ ನಂತರ ಬಿಡದೆ ಕಾಡುವ ಮಾನಸಿಕ ಕಾಯಿಲೆ, ಹೌದೋ ಅಲ್ಲವೋ ಎಂದು ವೈದ್ಯರು ಹೇಳಲಿ. ಕಣ್ಣು ಅತ್ತಿತ್ತ ಆಡಿಸುತ್ತಾ ನೆನಪನ್ನು ಎದುರಿಸುವ ಇಎಂಡಿಆರ್ ಎಂಬ ವಿಧಾನವನ್ನು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಇದಕ್ಕೆ ಶಿಫಾರಸು ಮಾಡಿದೆ. ಸೊಮ್ಯಾಟಿಕ್ ವಿಧಾನಕ್ಕೆ ಅಷ್ಟು ಅಧ್ಯಯನದ ಬಲವಿಲ್ಲ. ಆದರೆ ತೆಗೆದುಹಾಕುವಂಥದ್ದೂ ಅಲ್ಲ. ದೇಹದ ಮೂಲಕವೇ ಸಾಗುವ ಯೋಗದ ಬಗ್ಗೆ 2014ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನವಿದೆ. ಬೇರೆ ಚಿಕಿತ್ಸೆಗೆ ಬಗ್ಗದ 64 ಮಹಿಳೆಯರ ಮೇಲೆ ನಡೆದದ್ದು. 10 ವಾರ ಯೋಗ ಮಾಡಿದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಪಿಟಿಎಸ್‌ಡಿ ಎನ್ನುವಂತಿರಲಿಲ್ಲ. ಬರೀ ಆರೋಗ್ಯದ ಪಾಠ ಕೇಳಿದವರಲ್ಲಿ ಐದನೇ ಒಂದು ಪಾಲು. ರಾತ್ರಿ ಹೊತ್ತು ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡು. ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ವಿಜಯನಗರದಿಂದ:
ಧನ್ಯವಾದ, ಅಮ್ಮ. ಸೋಮವಾರ ನಿಮ್ಹಾನ್ಸ್‌ಗೆ ಹೋಗುತ್ತೇನೆ. ಅಲ್ಲಿಯವರೆಗೆ ಬ್ರೇಕ್ ಸದ್ದು ಕೇಳಿದಾಗ ಏನು ಮಾಡಲಿ?

ಬಸವನಗುಡಿಯಿಂದ:
ಗಾಡಿ ಪಕ್ಕಕ್ಕೆ ನಿಲ್ಲಿಸಿ, ಎರಡೂ ಕಾಲು ಊರಿ, ಉಸಿರನ್ನು ಎಳೆದುಕೊಂಡಿದ್ದಕ್ಕಿಂತ ನಿಧಾನವಾಗಿ ಬಿಡಿ. ಉಸಿರು ಬಿಡುವಾಗ ಎದೆಬಡಿತ ತಗ್ಗುತ್ತದೆ. ಥೆರಪಿ ಶುರುವಾದ ಮೇಲೆ, ಅದಿರುವ ದಿನ ಸ್ಕೂಟರ್ ಬೇಡ, ಮೆಟ್ರೋ ಹಿಡಿಯಿರಿ. ನನಗಂತೂ ಮುಗಿಯುತ್ತಲೇ ವಿಪರೀತ ನಿದ್ದೆ ಬರುತ್ತಿತ್ತು.