ಚಿಪ್ಪಿನ ಕೆಲಸ ಇರುವ ಹಳೇ ಮ್ಯಾಂಡೊಲಿನ್ ಮಾರಬೇಕು, ಎಷ್ಟು ಕೇಳಬಹುದು?

ಕಾವೇರಿತೀರ:
ನಮಸ್ಕಾರ. ಮೈಸೂರಿನ ಆರ್ಕೆಸ್ಟ್ರಾದಲ್ಲಿ ನಮ್ಮಪ್ಪ ನುಡಿಸುತ್ತಿದ್ದ ಮ್ಯಾಂಡೊಲಿನ್ ಮನೆಯಲ್ಲಿದೆ. ಗಣೇಶನ ಹಬ್ಬ ಬಂತೆಂದರೆ ಅಪ್ಪನೂ ಅದೂ ಮನೆಯಲ್ಲಿ ಇರುತ್ತಿರಲಿಲ್ಲ. ಈಗ ನುಡಿಸುವವರು ಯಾರೂ ಇಲ್ಲ.

ಬೆನ್ನು ಗುಂಡಗೆ ಉಬ್ಬಿದೆ, ಮರದ ಪಟ್ಟಿಗಳನ್ನು ಸೇರಿಸಿ ಮಾಡಿದ್ದು. ತೂತಿನ ಸುತ್ತ ಹೊಳೆಯುವ ಚಿಪ್ಪಿನ ಚೂರುಗಳು. ಪಕ್ಕದಲ್ಲೇ ಕಂದು ಬಣ್ಣದ ತೆಳು ತಗಡಿನಂಥದ್ದರ ಮೇಲೆ ಚಿಪ್ಪಿನ ಚಿಟ್ಟೆ, ಅದರ ಒಂದು ರೆಕ್ಕೆಯ ತುದಿ ಉದುರಿದೆ. ಒಳಗಿನ ಲೇಬಲ್‌ನಲ್ಲಿ ಕಟಾನಿಯಾ ಅನ್ನೋದು ಮಾತ್ರ ಓದಲಿಕ್ಕೆ ಬರುತ್ತದೆ. ಹಳೇ ಸಾಮಾನಿನ ವ್ಯಾಪಾರಿಯೊಬ್ಬರು ಕುಸುರಿ ಕೆಲಸಕ್ಕೇ ಲಕ್ಷ ಬರುತ್ತೆ ಅಂದರು. ನಿಜಾನಾ? ಶೋಕೇಸಿಗೆ ಹೋಗುವ ಬದಲು ನುಡಿಸುವವರ ಕೈಗೇ ಸಿಗಲಿ ಅಂತ ನನ್ನಾಸೆ.

ತಂತಿರಿಪೇರಿ:
ಮೇಡಂ, ಲಕ್ಷದ ಮಾತು ಬಿಡಿ. ಕಟಾನಿಯಾ ಇರೋದು ಇಟಲಿಯ ಸಿಸಿಲಿಯಲ್ಲಿ. 1900ರ ಆಸುಪಾಸಿನಲ್ಲಿ ಅಲ್ಲಿ ಇಂಥವನ್ನು ರಾಶಿ ರಾಶಿ ಮಾಡಿ ಹೊರದೇಶಕ್ಕೆ ಕಳಿಸುತ್ತಿದ್ದರು. ಗಿರಾಕಿಯ ಕಣ್ಣಿಗೆ ಬೀಳಲಿ ಅಂತ ಅಗ್ಗದ ವಾದ್ಯಕ್ಕೂ ಚಿಪ್ಪು ಕೂರಿಸುತ್ತಿದ್ದರು. ಇಟಲಿಯಲ್ಲೇ ಈಗ ಕೆಲವು ನೂರು ಯೂರೋಗೆ ಸಿಗುತ್ತವೆ. ನೇಪಲ್ಸಿನ ಕಲಾಚೆ, ರೋಮಿನ ಎಂಬರ್ಗರ್ ಅಂತ ಹೆಸರಾಂತ ತಯಾರಕರ ಲೇಬಲ್ ಇದ್ದಿದ್ದರೆ ಮಾತೇ ಬೇರೆ.

ಬೆಲೆ ನಿಲ್ಲೋದು ನೆಕ್ ಮೇಲೆ, ಅಂದರೆ ಬೆರಳಿಂದ ತಂತಿ ಒತ್ತುವ ಉದ್ದನೆಯ ಕತ್ತಿನ ಮೇಲೆ. ಹನ್ನೆರಡನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರ ತಂತಿ ಎಷ್ಟು ಮೇಲಿದೆ, ಸ್ಕೇಲ್ ಇಟ್ಟು ನೋಡಿ. 2 ಮಿ.ಮೀ. ಸುತ್ತಮುತ್ತ ಇದ್ದರೆ ಚೆನ್ನಾಗಿದೆ. 4 ದಾಟಿದ್ದರೆ ನೆಕ್ ಬಾಗಿರಬಹುದು, ರಿಪೇರಿಗೆ ವಾದ್ಯದ ಬೆಲೆಯಷ್ಟೇ ಖರ್ಚು. ಬ್ರಿಡ್ಜ್ (ತಂತಿಗಳನ್ನು ಎತ್ತಿ ಹಿಡಿಯುವ ತುಂಡು) ಬಳಿ ಮೇಲ್ಹಲಗೆ ಮಡಿಚಿದ ಹಾಗೆ ಕಂಡರೆ ಹೆದರಬೇಡಿ, ಅದನ್ನು ಮಾಡೋದೇ ಹಾಗೆ. ತೂತಿನ ಹತ್ತಿರ ಕುಸಿದಿದ್ದರೆ ಮಾತ್ರ ಕಷ್ಟ. ಅಂಗಡಿಯಲ್ಲಿ ಸಿಗುವ ಮಾಮೂಲಿ ತಂತಿ ಹಾಕಲೇಬೇಡಿ. ಆ ಬಿಗಿ ಇದು ತಡೆಯೋಲ್ಲ, ಅತಿ ತೆಳು ತಂತಿಯೇ ಬೇಕು.

ಇನ್ನೊಂದು ಮುಖ್ಯ ವಿಷಯ. ಆ ಕಂದು ತಗಡು ಕಡಲಾಮೆಯ ಚಿಪ್ಪಾಗಿದ್ದರೆ ಮಾರುವಂತಿಲ್ಲ. 1972ರ ವನ್ಯಜೀವಿ ಕಾಯ್ದೆ ಅಡ್ಡ ಬರುತ್ತದೆ. ಭೂತಗನ್ನಡಿಯಲ್ಲಿ ನೋಡಿ. ಕಲೆಗಳೆಲ್ಲ ಸಣ್ಣ ಸಣ್ಣ ಚುಕ್ಕೆಗಳಾಗಿ ಕಂಡರೆ ಆಮೆ ಚಿಪ್ಪು. ಬಣ್ಣ ನುಣ್ಣಗೆ ಕಲೆಸಿಕೊಂಡಿದ್ದರೆ ಸೆಲ್ಯುಲಾಯ್ಡ್, ಅಂದರೆ ಹಳೇ ಕಾಲದ ಪ್ಲಾಸ್ಟಿಕ್. ಬಿಸಿ ಸೂಜಿ ಚುಚ್ಚಿ ವಾಸನೆ ನೋಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಸೆಲ್ಯುಲಾಯ್ಡ್‌ಗೆ ಬೆಂಕಿ ಹತ್ತುತ್ತದೆ.

ಹೊಸಶ್ರುತಿ:
ಅಣ್ಣಾ, ಕರ್ನಾಟಕ ಸಂಗೀತ ಕಲಿಯೋಕೆ ಇದು ಆಗುತ್ತಾ?

ತಂತಿರಿಪೇರಿ:
ಕಷ್ಟ ಕಣಪ್ಪ. ಇದರಲ್ಲಿ ಎಂಟು ತಂತಿ, ನಾಲ್ಕು ಜೋಡಿ. ಜೋಡಿ ತಂತಿ ಎಳೆದು ಗಮಕ, ಅಂದರೆ ಸ್ವರದ ಓಲಾಟ, ತರೋದು ಸುಲಭ ಅಲ್ಲ. ಮ್ಯಾಂಡೊಲಿನ್‌ನಲ್ಲಿ ಕರ್ನಾಟಕ ಸಂಗೀತ ನುಡಿಸಿ ಹೆಸರಾದ ಯು. ಶ್ರೀನಿವಾಸ್ ನುಡಿಸುತ್ತಿದ್ದದ್ದು ಒಂಟಿ ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್.

ಕಾವೇರಿತೀರ:
ತುಂಬಾ ಥ್ಯಾಂಕ್ಸ್ ಸರ್. ತಂತಿ 2 ಮಿ.ಮೀ.ಗಿಂತ ಕೂದಲೆಳೆಯಷ್ಟು ಮೇಲಿದೆ. ಚುಕ್ಕೆ ಕಾಣಲಿಲ್ಲ, ಬಣ್ಣ ಹೊಗೆಯ ಹಾಗೆ ಹರಡಿದೆ. ಚಿಟ್ಟೆಯ ರೆಕ್ಕೆ ಸರಿ ಮಾಡಿಸಿ ಮಾರಲಾ?

ತಂತಿರಿಪೇರಿ:
ಹಾಗಾದರೆ ಸೆಲ್ಯುಲಾಯ್ಡೇ ಇರಬೇಕು, ಆದರೂ ಮಾರುವ ಮುಂಚೆ ತಿಳಿದವರ ಕೈಲಿ ಒಮ್ಮೆ ತೋರಿಸಿ. ರೆಕ್ಕೆ ಹಾಗೇ ಇರಲಿ. ಲೇಬಲ್, ನೆಕ್, ಬೆನ್ನಿನ ಪಟ್ಟಿಗಳ ಫೋಟೊ ಹಾಕಿ, ಮುರಿದ ಜಾಗವನ್ನೂ ತೋರಿಸಿ. ಹದಿನೈದು ಸಾವಿರದಿಂದ ಮಾತು ಶುರು ಮಾಡಿ. ತಂದೆಯವರು ನುಡಿಸಿದ ರೆಕಾರ್ಡಿಂಗ್ ಏನಾದರೂ ಇದ್ದರೆ ಅದನ್ನೂ ಸೇರಿಸಿ, ನುಡಿಸುವವರು ಮೊದಲು ಕೇಳೋದು ಸದ್ದನ್ನೇ.