ಎಸ್‌ಎಸ್‌ಎಚ್ ಲೂಪ್ ಮೊದಲ ನೋಡ್‌ನಲ್ಲೇ ನಿಲ್ಲುತ್ತಿದೆ

ಪ್ರಶ್ನೆ (ದಾವಣಗೆರೆಯಿಂದ):
ನಮಸ್ಕಾರ. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ 12 ನೋಡ್‌ಗಳ (ಜಾಲದಲ್ಲಿರುವ ಕಂಪ್ಯೂಟರ್‌ಗಳ) ಟೆಸ್ಟ್‌ಬೆಡ್, ಅಂದರೆ ಪ್ರಯೋಗದ ವ್ಯವಸ್ಥೆ, ಇದೆ. ನೋಡ್‌ಗಳ ಹೆಸರಿರುವ ಫೈಲನ್ನು ವೈಲ್-ರೀಡ್ ಲೂಪಿನಲ್ಲಿ ಸಾಲುಸಾಲಾಗಿ ಓದಿ, ಪ್ರತಿಯೊಂದರ ಮೇಲೂ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿನಲ್ಲಿ ಕಮಾಂಡ್ ನಡೆಸುವ ಸಾಧನ) ಮೂಲಕ ಅಪ್‌ಟೈಮ್ (ಯಂತ್ರ ಎಷ್ಟು ಹೊತ್ತಿನಿಂದ ಚಾಲನೆಯಲ್ಲಿದೆ ಎಂದು ತೋರಿಸುವ) ಕಮಾಂಡ್ ನಡೆಸಲು ಹೊರಟರೆ, ಮೊದಲ ನೋಡ್‌ನ ಉತ್ತರ ಬಂದೊಡನೆ ಯಾವ ಎರರ್ ಸಂದೇಶವೂ ಇಲ್ಲದೆ ಲೂಪ್ ಮುಗಿದುಬಿಡುತ್ತದೆ. ಲಾಗಿನ್‌ಗೆ ಬೇಕಾದ ಕೀಗಳನ್ನು ಎಲ್ಲ ನೋಡ್‌ಗಳಲ್ಲೂ ಸರಿಯಾಗಿಯೇ ಇಟ್ಟಿದ್ದೇನೆ. ಕಾರಣವೇನಿರಬಹುದು?

ಉತ್ತರ (ಚಿತ್ರದುರ್ಗದಿಂದ):
ನಿಮ್ಮ ನೋಡ್‌ಗಳಲ್ಲಿ ದೋಷವಿಲ್ಲ. ಎಸ್‌ಎಸ್‌ಎಚ್ ತನಗೆ ಸಿಕ್ಕ ಸ್ಟ್ಯಾಂಡರ್ಡ್ ಇನ್‌ಪುಟ್ಟನ್ನು (ಇಲ್ಲಿ ಲೂಪ್ ಓದುತ್ತಿರುವ ಅದೇ ಫೈಲನ್ನು) ಓದಿ ದೂರದ ಕಮಾಂಡಿಗೆ ಕಳುಹಿಸುವುದರಿಂದ, ಲೂಪಿಗಾಗಿ ಇದ್ದ ಉಳಿದ 11 ಹೆಸರುಗಳನ್ನೂ ಅದೇ ಓದಿ ಖಾಲಿ ಮಾಡುತ್ತದೆ. ಮುಂದಿನ ಸುತ್ತಿಗೆ ಓದಲು ಏನೂ ಉಳಿಯುವುದಿಲ್ಲ. ಎಸ್‌ಎಸ್‌ಎಚ್‌ಗೆ ‘-ಎನ್’ (ಚಿಕ್ಕಕ್ಷರದ n) ಆಪ್ಷನ್ ಕೊಡಿ; ಆಗ ಅದು ಆ ಇನ್‌ಪುಟ್ಟನ್ನು ಓದುವುದಿಲ್ಲ. ಎರರ್ ಇಲ್ಲದೆ ಸುಮ್ಮನೆ ನಿಲ್ಲುವುದರಿಂದಲೇ ಇದನ್ನು ಹಿಡಿಯುವುದು ಕಷ್ಟ.

ಇನ್ನೊಂದು ಉತ್ತರ:
ಮೇಲಿನದು ಸರಿ. ಜೊತೆಗೆ ಕನೆಕ್ಟ್‌ಟೈಮ್‌ಔಟ್ (ಸಂಪರ್ಕಕ್ಕಾಗಿ ಕಾಯುವ ಗರಿಷ್ಠ ಸಮಯ) 5 ಸೆಕೆಂಡ್ ಇಡಿ. ಇಲ್ಲವಾದರೆ ಕರೆಂಟ್ ಹೋಗಿ ಆರಿದ ಒಂದೇ ನೋಡ್‌ಗಾಗಿ ಉಳಿದವೆಲ್ಲ ಬಹಳ ಹೊತ್ತು ಕಾಯಬೇಕಾಗುತ್ತದೆ. ಕಮಾಂಡಿನೊಳಗೆ ಆಯಾ ನೋಡ್‌ನಲ್ಲೇ ಬೆಲೆ ಪಡೆಯಬೇಕಾದ ವೇರಿಯಬಲ್ ಇದ್ದರೆ ಒಂಟಿ ಉದ್ಧರಣ ಚಿಹ್ನೆಯನ್ನೇ ಬಳಸಿ. ಜೋಡಿ ಚಿಹ್ನೆಯಲ್ಲಿ ಅದು ನಿಮ್ಮ ಯಂತ್ರದಲ್ಲೇ ಬಿಡಿಸಿಕೊಂಡು, 12 ಕಡೆಯೂ ಒಂದೇ ಬೆಲೆ ಹೋಗುತ್ತದೆ.

ಪ್ರಶ್ನೆ ಕೇಳಿದವರು:
‘-ಎನ್’ ಸೇರಿಸಿದ ಮೇಲೆ ಎಲ್ಲ ನೋಡ್‌ಗಳೂ ಉತ್ತರಿಸಿದವು. ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು.